ಹರಡಿಟ್ಟ ಹಾಳೆಗಳು

ನನ್ನ ಮೊದಲ ಕಾದಂಬರಿಯನ್ನು ಊಟದ ಮೇಜಿನ ಮೇಲೆ ಬರೆದೆ. ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ದಿನಕ್ಕೆ ಕಡಿಮೆಯೆಂದರೂ ಮೂರು ಸಲ ಆ ಮೇಜನ್ನು ಖಾಲಿ ಮಾಡಿದ್ದೇನೆ. ಹಾಳೆಗಳನ್ನು ಒಟ್ಟುಗೂಡಿಸಿ, ಅಂಚು ತಟ್ಟಿ ಸಮ ಮಾಡಿ, ಕ್ಲಿಪ್ಪು ಹಾಕಿ, ಪಕ್ಕದ ಕಪಾಟಿನ ಎರಡನೆಯ ಅರೆಯಲ್ಲಿಡುವುದು. ಮೇಜು ಒರೆಸಿ ತಟ್ಟೆ ಇಡುವುದು. ಎಲ್ಲರದೂ ಆದ ಮೇಲೆ ಮತ್ತೆ ಒರೆಸಿ, ತೇವ ಆರುವವರೆಗೆ ಕಾದು, ಹಾಳೆಗಳನ್ನು ಪುನಃ ಹರಡುವುದು. ಆ ಹಸ್ತಪ್ರತಿಯ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಒಂದು ದುಂಡನೆಯ ಕಲೆ ಈಗಲೂ ಇದೆ. ಒರೆಸಿದ್ದೇನೆ ಎಂದುಕೊಂಡ ಜಾಗದಲ್ಲಿ ಲೋಟದ ತಳದ ನೀರು ಉಳಿದಿತ್ತು. ಕಲೆಯೊಳಗೆ ಸಿಕ್ಕಿದ ನಾಲ್ಕು ಸಾಲು ಕದಡಿಹೋದವು. ನೆನಪು ಮಾಡಿಕೊಂಡು ಮತ್ತೆ ಬರೆದೆ. ಮೊದಲು ಬರೆದ ಸಾಲುಗಳೇ ಚೆನ್ನಾಗಿದ್ದವು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಓದುಗರು ಸಿಕ್ಕಾಗ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ನೀವು ಎಲ್ಲಿ ಕುಳಿತು ಬರೆಯುತ್ತೀರಿ?" ಮೊದಮೊದಲು ಇದನ್ನು ಮಾತಿಗೊಂದು ಮಾತು ಎಂದುಕೊಂಡು ನಕ್ಕು ಉತ್ತರ ಹೇಳಿಬಿಡುತ್ತಿದ್ದೆ. ಈಗ ಹಾಗೆ ಹೇಳಲು ಆಗುವುದಿಲ್ಲ. ಮೂರು ಕಾದಂಬರಿಗಳನ್ನು ಎದುರಿಗಿಟ್ಟುಕೊಂಡು ಈಚೆಗೆ ಒಮ್ಮೆ ಓದಿದೆ. ಯಾವುದನ್ನು ಎಲ್ಲಿ ಬರೆದೆ ಎನ್ನುವುದು ಪ್ರತಿ ಪುಟದಲ್ಲೂ ಎದ್ದು ಕಾಣುತ್ತಿತ್ತು. ಊಟದ ಮೇಜಿನ ಕಾದಂಬರಿಯಲ್ಲಿ ಒಂದು ಅಧ್ಯಾಯವೂ ಆರು ಪುಟ ದಾಟುವುದಿಲ್ಲ. ಯಾರಾದರೂ ಒಳಗೆ ಬರುತ್ತಾರೆ, ಮಾತು ನಿಲ್ಲುತ್ತದೆ, ಅಧ್ಯಾಯವೂ ಅಲ್ಲಿಗೇ ಮುಗಿಯುತ್ತದೆ. ಒಬ್ಬ ವಿಮರ್ಶಕರು ಅದನ್ನು ಸಂಯಮ ಎಂದು ಕರೆದು ಹೊಗಳಿದ್ದರು. ಅದು ನನ್ನ ಮನೆಯ ಊಟದ ವೇಳಾಪಟ್ಟಿ ಎನ್ನುವುದು ನನಗೆ ಮಾತ್ರ ಗೊತ್ತಿತ್ತು.

ಹೆಂಗಸರ ಬದುಕನ್ನು ಕುರಿತು ಬರೆದ ಹೆಂಗಸರು ಎಲ್ಲೆಲ್ಲಿ ಕುಳಿತು ಬರೆದರು ಎಂದು ಹುಡುಕಿ ಓದುವ ಗೀಳು ನನಗೆ ಹತ್ತಿದ್ದು ಹೀಗೆ.

ಜೇನ್ ಆಸ್ಟೆನ್ ಬರೆದ ಮೇಜು ಇಂಗ್ಲೆಂಡಿನ ಚಾಟನ್ ಎಂಬ ಹಳ್ಳಿಯಲ್ಲಿ ಆಕೆಯ ಮನೆಯಲ್ಲೇ ಇದೆ. ಅಕ್ರೋಟು ಮರದ್ದು, 12 ಬದಿಗಳದ್ದು, ತೀರಾ ಪುಟ್ಟದು. ಒಂದು ಹಾಳೆ, ಒಂದು ಮಸಿಕುಡಿಕೆ ಇಟ್ಟರೆ ತುಂಬಿಹೋಗುತ್ತದೆ. ಆಕೆಯ ಅಣ್ಣನ ಮಗ ಬರೆದ ಜೀವನಚರಿತ್ರೆಯಲ್ಲಿ ಒಂದು ಬಾಗಿಲಿನ ಪ್ರಸ್ತಾಪ ಬರುತ್ತದೆ. ತೆರೆದರೆ ಕಿರ್ರೆನ್ನುವ ಬಾಗಿಲು. ಅದಕ್ಕೆ ಎಣ್ಣೆ ಬಿಡಿಸಲು ಅತ್ತೆ ಜೇನ್ ಒಪ್ಪುತ್ತಿರಲಿಲ್ಲವಂತೆ. ಯಾರಾದರೂ ಬರುತ್ತಿದ್ದಾರೆ ಎಂಬ ಸೂಚನೆ ಅದರಿಂದ ಸಿಗುತ್ತಿತ್ತು. ಸದ್ದು ಕೇಳಿದ ಕೂಡಲೇ ಸಣ್ಣ ಸಣ್ಣ ಹಾಳೆಗಳನ್ನು ಒಳಗೆ ಸರಿಸುವುದೋ ಮೇಲೊಂದು ಒತ್ತುಕಾಗದ ಮುಚ್ಚುವುದೋ ಮಾಡುತ್ತಿದ್ದಳು. ಇದನ್ನು ಓದಿದವರೆಲ್ಲ ಎಷ್ಟು ಚೆಂದ ಎನ್ನುತ್ತಾರೆ. ನನಗೆ ಮಾತ್ರ ಓದುವಾಗ ಎದೆಯಲ್ಲಿ ಏನೋ ಚುರುಕ್ಕೆಂದಿತ್ತು. ಒಂದು ವಾಕ್ಯದ ನಡುವೆ ಕಿವಿಯನ್ನು ಬಾಗಿಲಿಗೆ ಕೊಟ್ಟು ಬರೆಯುವುದು ಎಂದರೇನು ಎನ್ನುವುದು ಅನುಭವಿಸಿದವರಿಗೆ ಗೊತ್ತು.

ಆದರೆ ಆ ಬಾಗಿಲಿನ ಕಥೆಗಿಂತ ಆಕೆಯ ಬದುಕಿನ ಇಸವಿಗಳು ನನ್ನನ್ನು ಹೆಚ್ಚು ಕಾಡಿವೆ. ಮೂರು ಕಾದಂಬರಿಗಳ ಮೊದಲ ರೂಪ ಹುಟ್ಟಿದ್ದು ಸ್ಟೀವೆಂಟನ್ನಿನ ತಂದೆಯ ಮನೆಯಲ್ಲಿ. 1801ರಲ್ಲಿ ತಂದೆ ನಿವೃತ್ತರಾಗಿ ಸಂಸಾರ ಬಾತ್ ನಗರಕ್ಕೆ ಹೊರಟಿತು. 1805ರಲ್ಲಿ ತಂದೆ ತೀರಿಕೊಂಡರು. ಅಲ್ಲಿಂದ ಬಾಡಿಗೆ ಮನೆಗಳು, ಬಂಧುಗಳ ಮನೆಗಳು, ಸೌತಾಂಪ್ಟನ್. ಆ ಎಂಟು ವರ್ಷಗಳಲ್ಲಿ ಆಕೆ ಹೊಸದಾಗಿ ತೊಡಗಿದ ಒಂದು ಕಾದಂಬರಿ ಅರ್ಧಕ್ಕೇ ನಿಂತುಹೋಯಿತು. 1809ರ ಜುಲೈಯಲ್ಲಿ ಅಣ್ಣನೊಬ್ಬ ಕೊಟ್ಟ ಚಾಟನ್ನಿನ ಮನೆಗೆ ಬಂದಳು. 1811ರಿಂದ 1815ರೊಳಗೆ ನಾಲ್ಕು ಕಾದಂಬರಿಗಳು ಅಚ್ಚಾದವು. 1817ರಲ್ಲಿ, 41ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಇನ್ನೆರಡು ಸಿದ್ಧವಾಗಿದ್ದವು. ಮೇಜು ಪುಟ್ಟದಾದರೇನು, ಅದು ನಾಳೆಯೂ ಅದೇ ಕಿಟಕಿಯ ಬಳಿ ಇರುತ್ತದೆ ಎಂಬ ಭರವಸೆ ಹುಟ್ಟಿದ ಮೇಲೆ ಬರವಣಿಗೆ ಧುಮ್ಮಿಕ್ಕಿತು. ಇನ್ನೂ ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಮನೆಯ ಕೆಲಸದ ಭಾರ ಹೊತ್ತವರು ಅಕ್ಕ ಕಸಾಂಡ್ರಾ ಮತ್ತು ಜತೆಗಿದ್ದ ಗೆಳತಿ ಮಾರ್ಥಾ ಲಾಯ್ಡ್. ಜೇನ್ ಪಾಲಿಗೆ ಬಂದದ್ದು ಬೆಳಗಿನ ತಿಂಡಿಯ ವ್ಯವಸ್ಥೆ ಮತ್ತು ಚಹಾ ಸಕ್ಕರೆಯ ಬೀಗದಕೈ. ಆ ಆರು ಕಾದಂಬರಿಗಳಲ್ಲಿ ಇನ್ನಿಬ್ಬರು ಹೆಂಗಸರ ದುಡಿಮೆ ಸೇರಿದೆ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು.

ಆಕೆ ಪೂರ್ತಿಮಾಡಿದ ಕೊನೆಯ ಕಾದಂಬರಿ 'ಪರ್ಸ್ಯುಯೇಷನ್'. 1816ರ ಜುಲೈ ನಡುವಿನಲ್ಲಿ ಅದನ್ನು ಮುಗಿಸಿದಳು. ಮುಗಿಸಿದ ಮೇಲೆ ತೃಪ್ತಿಯಾಗಲಿಲ್ಲ. ಕೊನೆಯ ಭಾಗವನ್ನು ತೆಗೆದುಹಾಕಿ ಹೊಸದಾಗಿ ಬರೆದಳು. ಕೈಬಿಟ್ಟ ಆ ಹಾಳೆಗಳು ಉಳಿದಿವೆ. ಆಕೆಯ ಕಾದಂಬರಿಗಳ ಕರಡುಗಳಲ್ಲಿ ಹೀಗೆ ಉಳಿದದ್ದು ತೀರಾ ಕಡಿಮೆ. ಹಾಗಾಗಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಭಾಗ್ಯ ನಮಗಿದೆ. ಮೊದಲ ರೂಪದಲ್ಲಿ ಅಗಲಿದ್ದ ಇಬ್ಬರು ಒಂದು ಮನೆಯಲ್ಲಿ, ಇಬ್ಬರೇ ಇರುವಂತೆ ಒದಗಿಬಂದ ಏಕಾಂತದಲ್ಲಿ ಒಂದಾಗುತ್ತಾರೆ. ತಿದ್ದಿ ಬರೆದ ರೂಪದಲ್ಲಿ ಏಕಾಂತವೇ ಇಲ್ಲ. ಅದೊಂದು ತಂಗುಮನೆಯ ಕೋಣೆ, ಜನ ಬಂದು ಹೋಗುತ್ತಲೇ ಇದ್ದಾರೆ. ನಾಯಕ ಒಂದು ಮೇಜಿನ ಬಳಿ ಕುಳಿತು ಯಾರಿಗೋ ವ್ಯವಹಾರದ ಕಾಗದ ಬರೆಯುತ್ತಿದ್ದಾನೆ. ತುಸು ದೂರದಲ್ಲಿ ನಾಯಕಿ ಆನ್ ಇನ್ನೊಬ್ಬರೊಡನೆ ಮಾತನಾಡುತ್ತಿದ್ದಾಳೆ: ಗಂಡಿನ ಪ್ರೀತಿ ಹೆಚ್ಚು ಕಾಲ ಬಾಳುತ್ತದೆಯೋ ಹೆಣ್ಣಿನದೋ? ಪುಸ್ತಕಗಳ ಸಾಕ್ಷ್ಯವನ್ನು ಎಳೆತರಬೇಡಿ, ಇಲ್ಲಿಯವರೆಗೆ ಲೇಖನಿ ಗಂಡಸರ ಕೈಯಲ್ಲೇ ಇತ್ತಲ್ಲ ಎಂಬ ಅರ್ಥದ ಮಾತನ್ನು ಆಕೆ ಆಡುವುದು ಇಲ್ಲೇ. ಅದಕ್ಕೆ ತುಸು ಮೊದಲು ಆಚೆ ಮೇಜಿನಿಂದ ಲೇಖನಿ ಕೆಳಗೆ ಬಿದ್ದ ಸದ್ದಾಗುತ್ತದೆ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ. ಆ ಕಾಗದದ ನೆಪದಲ್ಲೇ, ಅದೇ ಮೇಜಿನ ಮೇಲೆ, ಅಷ್ಟು ಜನರ ನಡುವೆ ಆನ್‌ಗೆ ಇನ್ನೊಂದು ಕಾಗದ ಬರೆಯುತ್ತಾನೆ. ಬರೆದು ಅದನ್ನು ಉಳಿದ ಹಾಳೆಗಳ ಅಡಿಯಿಂದ ಎಳೆದು ಆಕೆಯ ಮುಂದಿಟ್ಟು ಹೋಗುತ್ತಾನೆ.

ಒಂದು ಬರಹದ ಅಡಿಯಲ್ಲಿ ಇನ್ನೊಂದನ್ನು ಬಚ್ಚಿಟ್ಟು ಬರೆಯುವುದು, ಜನರ ಓಡಾಟದ ನಡುವೆ ಕಿವಿ ತೆರೆದಿಟ್ಟು ಬರೆಯುವುದು. ಚಾಟನ್ನಿನ ಪುಟ್ಟ ಮೇಜಿನ ಮುಂದೆ ದಿನವೂ ನಡೆಯುತ್ತಿದ್ದುದನ್ನೇ ಆಕೆ ಆ ನಾಯಕನಿಂದ ಮಾಡಿಸಿದಳು ಎಂದು ನಾನು ನಂಬಿದ್ದೇನೆ. ಏಕಾಂತದ ದೃಶ್ಯವನ್ನು ಹೊಡೆದುಹಾಕಿ ಗದ್ದಲದ ದೃಶ್ಯವನ್ನು ಬರೆದಾಗ ಕಾದಂಬರಿ ಎದ್ದು ನಿಂತಿತು. ಇಂಗ್ಲಿಷಿನಲ್ಲಿ ನಾನು ಓದಿರುವ ಪ್ರೇಮಪತ್ರಗಳಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ.

ನನ್ನ ಎರಡನೆಯ ಕಾದಂಬರಿ ಆಸ್ಪತ್ರೆಯ ಹಜಾರದಲ್ಲಿ ಹುಟ್ಟಿತು. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ಸೋಂಕು ತಗಲಿತು, ಒಟ್ಟು ಮೂವತ್ತೆಂಟು ದಿನ. ರೋಗಿಯ ಜತೆ ಇರುವವರಿಗೆ ಹಗಲು ಹೊತ್ತು ಒಳಗೆ ಇರಲು ಬಿಡುತ್ತಿರಲಿಲ್ಲ. ಹೊರಗೆ ಗೋಡೆಗುಂಟ ಉಕ್ಕಿನ ಬೆಂಚುಗಳಿದ್ದವು. ಕೈಯಲ್ಲಿ ಔಷಧದ ಚೀಟಿಗಳನ್ನಿಡಲು ಒಯ್ದಿದ್ದ ಒಂದು ಸಣ್ಣ ನೋಟುಪುಸ್ತಕ. ಏಳನೆಯ ದಿನವೋ ಎಂಟನೆಯ ದಿನವೋ ಅದರ ಹಿಂದಿನ ಪುಟದಿಂದ ಬರೆಯತೊಡಗಿದೆ. ಮುಂದಿನಿಂದ ಜ್ವರದ ಏರಿಳಿತ, ಮಾತ್ರೆಗಳ ಹೊತ್ತು. ಹಿಂದಿನಿಂದ ಕಾದಂಬರಿ. ಮೂವತ್ತೆಂಟನೆಯ ದಿನದ ಹೊತ್ತಿಗೆ ಎರಡರ ನಡುವೆ ನಾಲ್ಕೇ ಹಾಳೆ ಉಳಿದಿದ್ದವು.

ಪಕ್ಕದ ಬೆಂಚಿನಲ್ಲಿ ದಿನವೂ ಒಬ್ಬ ಹೆಂಗಸು ಕುಳಿತಿರುತ್ತಿದ್ದಳು. ಗಂಡ ಒಳಗಿದ್ದ. ಒಂದು ಮಧ್ಯಾಹ್ನ ಕೇಳಿದಳು, "ಅಕ್ಕಾ, ದಿನಾ ಏನು ಲೆಕ್ಕ ಬರೆಯುತ್ತೀರಿ?"

"ಲೆಕ್ಕ ಅಲ್ಲಮ್ಮ, ಕಥೆ."

"ಯಾರದು?"

"ಒಬ್ಬ ಹೆಂಗಸಿನದು. ಮನೆ ತುಂಬ ಜನ ಇದ್ದಾರೆ, ಅವಳಿಗೆ ಅಳು ಬಂದಿದೆ. ಎಲ್ಲಿ ಹೋಗಿ ಅಳಬೇಕು ಎಂದು ನನಗೆ ತೋಚುತ್ತಿಲ್ಲ."

ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ಬಚ್ಚಲಿಗೆ ಹೋಗಿ ನಲ್ಲಿ ಬಿಡಲಿ ಅಕ್ಕಾ. ಬಕೆಟ್ಟಿಗೆ ನೀರು ಬೀಳುವ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಆದರೆ ಬಕೆಟ್ಟು ತುಂಬುವುದರೊಳಗೆ ಮುಗಿಸಬೇಕು. ತುಂಬಿ ಹರಿದರೆ ಬೈಯುತ್ತಾರೆ."

ಆ ಮಾತನ್ನು ಹಾಗೆ ಹಾಗೆಯೇ ಕಾದಂಬರಿಯಲ್ಲಿ ಇಳಿಸಿದೆ. ಹದಿನೆಂಟು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಯಾವ ಸಾಲಿಗೂ ಅಷ್ಟು ಓದುಗರು ಕಾಗದ ಬರೆದಿಲ್ಲ. ಬರೆದವರೆಲ್ಲ ಹೆಂಗಸರು, ನಾನೂ ಹಾಗೆಯೇ ಮಾಡುತ್ತೇನೆ ಎಂದವರು. ಬೇರೆ ಎಲ್ಲಿಯೇ ಕುಳಿತು ಬರೆದಿದ್ದರೂ ಆ ಸಾಲು ನನಗೆ ಸಿಗುತ್ತಿರಲಿಲ್ಲ. ಆ ಕಾದಂಬರಿಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಹಜಾರದಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲವಲ್ಲ, ಅದು ತಾನಾಗಿಯೇ ಪಾತ್ರಗಳ ಗಂಟಲಿಗೆ ಇಳಿದುಬಿಟ್ಟಿತು.

ಅಮ್ಮ ಮನೆಗೆ ಬಂದ ಮೇಲೆ ಷಾರ್ಲೆಟ್ ಬ್ರಾಂಟೆಯ ಜೀವನಚರಿತ್ರೆಯನ್ನು ಓದಿದೆ. ಆಕೆಯ ಗೆಳತಿ, ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಬರೆದದ್ದು. 1846ರ ಆಗಸ್ಟ್‌ನಲ್ಲಿ ಷಾರ್ಲೆಟ್ ತಂದೆಯನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಮ್ಯಾಂಚೆಸ್ಟರಿಗೆ ಕರೆದುಕೊಂಡು ಹೋಗಿದ್ದಳು. ಆಗ ಅರಿವಳಿಕೆ ಇರಲಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ತಂದೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕತ್ತಲೆಯ ಕೋಣೆಯಲ್ಲಿ ಅಲ್ಲಾಡದೆ ಮಲಗಿರಬೇಕಿತ್ತು. ಅದೇ ದಿನ ಆಕೆಯ ಮೊದಲ ಕಾದಂಬರಿಯ ಹಸ್ತಪ್ರತಿ ಪ್ರಕಾಶಕರಿಂದ ತಿರಸ್ಕೃತವಾಗಿ ಹಿಂದಿರುಗಿತು. ಜತೆಗೆ ಹಲ್ಲುನೋವು. ಆ ಬಾಡಿಗೆ ಮನೆಯಲ್ಲಿ, ಆ ದಿನಗಳಲ್ಲಿ, ಆಕೆ 'ಜೇನ್ ಏರ್' ಬರೆಯಲು ಕುಳಿತಳು. ಕಾದಂಬರಿಯ ಕೊನೆಯಲ್ಲಿ ಕಣ್ಣು ಕಳೆದುಕೊಂಡ ಗಂಡಸೊಬ್ಬನ ಕೈ ಹಿಡಿದು ನಡೆಸುವ ಹೆಣ್ಣು ಎಲ್ಲಿಂದ ಬಂದಳು ಎಂದು ನಾನು ಬೇರೆಲ್ಲೂ ಹುಡುಕುವುದಿಲ್ಲ.

ಹಾವರ್ತ್ ಹಳ್ಳಿಯ ಆ ಬ್ರಾಂಟೆ ಸೋದರಿಯರ ಊಟದ ಮೇಜಂತೂ ನನಗೆ ದೇವರ ಪೀಠದಷ್ಟೇ ದೊಡ್ಡದು. ಷಾರ್ಲೆಟ್, ಎಮಿಲಿ, ಆನ್ ಮೂವರೂ ಅದೇ ಮೇಜಿನಲ್ಲಿ ಬರೆದರು. 1847ರ ಕೊನೆಯ ಮೂರು ತಿಂಗಳಲ್ಲಿ ಮೂವರ ಕಾದಂಬರಿಗಳೂ ಪ್ರಕಟವಾದವು. ರಾತ್ರಿ ಒಂಬತ್ತಕ್ಕೆ ಹೊಲಿಗೆ ಎತ್ತಿಟ್ಟು, ಆ ಕೋಣೆಯಲ್ಲಿ ಸುತ್ತು ಹಾಕುತ್ತ ಬರೆದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಎಮಿಲಿ 1848ರ ಡಿಸೆಂಬರಿನಲ್ಲಿ ಹೋದಳು, ಆನ್ 1849ರ ಮೇಯಲ್ಲಿ. ಆಮೇಲೂ ಷಾರ್ಲೆಟ್ ರಾತ್ರಿಯ ಆ ಸುತ್ತನ್ನು ಬಿಡಲಿಲ್ಲ. ಒಬ್ಬಳೇ ನಡೆಯುವ ಆ ಹೆಜ್ಜೆಯ ಸದ್ದು ಕೇಳಿದರೆ ಕರುಳು ಹಿಂಡುತ್ತದೆ ಎಂದು ಮನೆಯ ಕೆಲಸದವಳು ಗ್ಯಾಸ್ಕೆಲ್‌ಗೆ ಹೇಳಿದ್ದಳು. ಆ ಮೇಜು ಬೇರೆಯವರ ಪಾಲಾಗಿ, 2015ರಲ್ಲಿ ಮರಳಿ ಆ ಮನೆಗೆ ಬಂತು. ಮೇಲೆ ಮಸಿಯ ಕಲೆಗಳಿವೆ, ಮೇಣದಬತ್ತಿ ಸುಟ್ಟ ಗುರುತಿದೆ, ಒಂದು ಸಣ್ಣ 'ಇ' ಅಕ್ಷರ ಕೊರೆದಿದೆ. ಆ ಅಕ್ಷರದ ಚಿತ್ರವನ್ನು ನಾನು ಎಷ್ಟು ಸಲ ದೊಡ್ಡದು ಮಾಡಿಕೊಂಡು ನೋಡಿದ್ದೇನೋ ಲೆಕ್ಕವಿಲ್ಲ.

ಇಲ್ಲಿ ನನಗೊಂದು ತಕರಾರಿದೆ. ಇಂಥ ಕಥೆಗಳನ್ನು ಹೇಳುವಾಗ ಜನ ಥಟ್ಟನೆ ಒಂದು ಮಾತಿಗೆ ಬರುತ್ತಾರೆ. ನೋಡಿ, ಏನೂ ಅನುಕೂಲವಿಲ್ಲದೆ ಎಂಥ ಕೃತಿಗಳನ್ನು ಬರೆದರು, ಬರೆಯುವ ಮನಸ್ಸಿದ್ದವರಿಗೆ ಜಾಗ ಯಾಕೆ ಬೇಕು? ಈ ಹೊಗಳಿಕೆ ನನಗೆ ಸಹಿಸುವುದಿಲ್ಲ. ಇದರ ಒಳಗೆ ಕೊಡಬೇಕಾದ್ದನ್ನು ಕೊಡದೆ ಜಾರಿಕೊಳ್ಳುವ ಉಪಾಯ ಅಡಗಿದೆ. ಊಟದ ಮೇಜಿನಲ್ಲಿ ಬರೆದವಳ ಕಾದಂಬರಿ ನಮ್ಮ ಕೈಗೆ ಬಂದಿದೆ, ನೋಡಿ ಮೆಚ್ಚುತ್ತೇವೆ. ಮೇಜು ಖಾಲಿ ಮಾಡಿ ಮಾಡಿ ಸೋತು, ಒಂದು ದಿನ ಹಾಳೆಗಳನ್ನು ಕಪಾಟಿನಿಂದ ಹೊರಗೆ ತೆಗೆಯುವುದನ್ನೇ ಬಿಟ್ಟವಳ ಕಾದಂಬರಿ ಯಾರ ಕೈಗೂ ಬಂದಿಲ್ಲ. ಅಂಥವಳೊಬ್ಬಳು ನನಗೆ ಗೊತ್ತು. ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು.

ಸದ್ದುಗದ್ದಲ ಅಷ್ಟು ದೊಡ್ಡ ಶತ್ರುವಲ್ಲ. ಬರೆಯುವ ಹೆಣ್ಣಿಗೆ ನಿಜವಾಗಿ ಬೇಕಾದದ್ದು ಹರಡಿದ್ದನ್ನು ಹರಡಿದಂತೆಯೇ ಬಿಟ್ಟು ಏಳುವ ಸ್ವಾತಂತ್ರ್ಯ. ಎತ್ತಿಡುವುದೆಂದರೆ ಹಾಳೆಗಳನ್ನಷ್ಟೇ ಎತ್ತಿಟ್ಟಂತಲ್ಲ. ಪಾತ್ರ ಎಲ್ಲಿ ನಿಂತಿತ್ತು, ಮುಂದಿನ ಮಾತು ಯಾರದಾಗಿತ್ತು, ಯಾವ ಪದವನ್ನು ಹುಡುಕುತ್ತಿದ್ದೆ, ಎಲ್ಲವನ್ನೂ ಮಡಚಬೇಕು. ಬಿಡಿಸುವಾಗ ಯಾವಾಗಲೂ ಒಂದು ಮಡಿಕೆ ಹೆಚ್ಚಾಗಿಯೇ ಇರುತ್ತದೆ.

ಅಗಾಥಾ ಕ್ರಿಸ್ಟಿ ಎಂದರೆ ಪತ್ತೇದಾರಿ ಎಂದೇ ಎಲ್ಲರೂ ತಿಳಿದಿದ್ದಾರೆ. ಮೇರಿ ವೆಸ್ಟ್‌ಮಕಾಟ್ ಎಂಬ ಇನ್ನೊಂದು ಹೆಸರಿನಲ್ಲಿ ಆಕೆ ಆರು ಕಾದಂಬರಿಗಳನ್ನು ಬರೆದಳು. ಕೊಲೆಯಿಲ್ಲ, ಪತ್ತೆಯಿಲ್ಲ. ತಾಯಿ ಮಗಳು, ಗಂಡ ಹೆಂಡತಿ, ಒಂಟಿತನ, ಮನೆತನದ ಒಳಗಿನ ಸುಳ್ಳುಗಳು. ಮೊದಲನೆಯದು 1930ರಲ್ಲಿ ಬಂತು. ಇದು ಕ್ರಿಸ್ಟಿಯದೇ ಕೈ ಎಂದು 1949ರವರೆಗೆ ಜನಕ್ಕೆ ತಿಳಿಯಲಿಲ್ಲ. ಆತ್ಮಕಥೆಯಲ್ಲಿ ಆಕೆ ಹೇಳುವಂತೆ, ಇದು ನಾನು ಬರೆಯುವ ಜಾಗ ಎಂಬುದು ಆಕೆಗೆ ಬಹಳ ಕಾಲ ಇರಲೇ ಇಲ್ಲ. ಅಲುಗಾಡದ ಒಂದು ಮೇಜು, ಒಂದು ಟೈಪ್‌ರೈಟರ್ ಇದ್ದರೆ ಆಯಿತು. ಮಲಗುವ ಕೋಣೆಯಲ್ಲಿ ಮುಖ ತೊಳೆಯುವ ಬೋಗುಣಿ ಇಡುವ ಅಮೃತಶಿಲೆಯ ಮೇಜಾದರೂ ಸರಿ, ಎರಡು ಊಟಗಳ ನಡುವಿನ ಊಟದ ಮೇಜಾದರೂ ಸರಿ. ಪುರಾತತ್ವಜ್ಞನಾಗಿದ್ದ ಗಂಡನ ಜತೆ ಇರಾಕಿನ ನಿಮ್ರೂದ್‌ನ ಉತ್ಖನನಕ್ಕೆ ಹೋದಾಗ ತನ್ನ ಹಣದಲ್ಲೇ ಮಣ್ಣಿನ ಇಟ್ಟಿಗೆಯ ಒಂದು ಪುಟ್ಟ ಕೋಣೆ ಕಟ್ಟಿಸಿಕೊಂಡಳು. ಅಲ್ಲಿಯವರು ಅದನ್ನು 'ಬೈತ್ ಅಗಾಥಾ', ಅಂದರೆ ಅಗಾಥಾಳ ಮನೆ, ಎಂದು ಕರೆದರು. 1950ರಲ್ಲಿ ಆತ್ಮಕಥೆಯನ್ನು ಬರೆಯತೊಡಗಿದ್ದು ಅಲ್ಲೇ. ಅಷ್ಟು ಹೊತ್ತಿಗೆ ಆಕೆಗೆ 59 ವರ್ಷ, ಲೋಕವೆಲ್ಲ ಆಕೆಯ ಪುಸ್ತಕಗಳನ್ನು ಓದುತ್ತಿತ್ತು.

ವೆಸ್ಟ್‌ಮಕಾಟ್ ಹೆಸರಿನ ಆರರಲ್ಲಿ ನನಗೆ ಅತಿ ಪ್ರಿಯವಾದದ್ದು 1944ರಲ್ಲಿ ಬಂದ 'ಆಬ್ಸೆಂಟ್ ಇನ್ ದ ಸ್ಪ್ರಿಂಗ್'. ಮಗಳನ್ನು ನೋಡಿಕೊಂಡು ಬಾಗ್ದಾದಿನಿಂದ ಮರಳುತ್ತಿರುವ ಗೃಹಿಣಿಯೊಬ್ಬಳು ರೈಲು ಸಿಗದೆ ಮರುಭೂಮಿಯ ತಂಗುಮನೆಯಲ್ಲಿ ಸಿಕ್ಕಿಬೀಳುತ್ತಾಳೆ. ತಂದ ಪುಸ್ತಕ ಓದಿ ಮುಗಿದಿದೆ. ಮಾತಿಗೆ ಜನವಿಲ್ಲ. ತನ್ನ ಬದುಕನ್ನು ತಾನೇ ನೋಡಿಕೊಳ್ಳದೆ ಬೇರೆ ದಾರಿಯಿಲ್ಲ. ನೋಡುತ್ತ ಹೋದಂತೆ, ಎಲ್ಲರಿಗೂ ಒಳ್ಳೆಯದನ್ನೇ ಮಾಡಿದ್ದೇನೆ ಎಂದುಕೊಂಡಿದ್ದ ತನ್ನಿಂದ ಗಂಡ ಮಕ್ಕಳಿಗೆ ಏನಾಯಿತು ಎನ್ನುವುದು ಮೆಲ್ಲಮೆಲ್ಲನೆ ಹೊಳೆಯುತ್ತದೆ. ಈ ಕಾದಂಬರಿಯನ್ನು ಕ್ರಿಸ್ಟಿ ಬರೆದದ್ದು ಮೂರೇ ದಿನಗಳಲ್ಲಿ. ಯುದ್ಧದ ಕಾಲ, ಆಕೆ ಲಂಡನ್ನಿನ ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲಸಕ್ಕಿದ್ದಳು. ಮೊದಲ ಅಧ್ಯಾಯ ಬರೆದು, ಕೂಡಲೇ ಕೊನೆಯ ಅಧ್ಯಾಯ ಬರೆದು, ಆಮೇಲೆ ನಡುವಿನದನ್ನು ತುಂಬಿದಳು. ಮೂರನೆಯ ದಿನ ಸೋಮವಾರ. ಎಂದೂ ಕೆಲಸ ತಪ್ಪಿಸದ ಹೆಂಗಸು ಅಂದು ಏನೋ ನೆಪ ಹೇಳಿ ಕಳಿಸಿದಳು. ಆ ಹಂತದಲ್ಲಿ ಕಾದಂಬರಿಯನ್ನು ಬಿಟ್ಟು ಹೋಗುವ ಧೈರ್ಯ ಆಗಲಿಲ್ಲವಂತೆ. ಮನಸ್ಸಿನಲ್ಲಿ ಆರೇಳು ವರ್ಷ ಬೆಳೆದ ಕಥೆ ಅದು. ಮಡಚಿ ಎತ್ತಿಟ್ಟರೆ ಏನಾಗುತ್ತದೆ ಎಂದು ಆಕೆಗೆ ತಿಳಿದಿತ್ತು.

ಜಾಗವೇ ಸಿಗದವರು ಹೊತ್ತನ್ನೇ ಜಾಗ ಮಾಡಿಕೊಂಡರು. ಅಮೆರಿಕದ ಕಾದಂಬರಿಕಾರ್ತಿ ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ದುಡಿಯುತ್ತ, ಇಬ್ಬರು ಗಂಡುಮಕ್ಕಳನ್ನು ಒಬ್ಬಳೇ ಸಾಕುತ್ತ ಬರೆದವಳು. ಮಕ್ಕಳು ಎದ್ದು ಅಮ್ಮಾ ಎನ್ನುವ ಮೊದಲೇ ಬರೆಯಬೇಕಿತ್ತು, ಅವರು ಏಳುತ್ತಿದ್ದುದು ಬೆಳಗಿನ ಐದರ ಹೊತ್ತಿಗೆ. ಮಕ್ಕಳು ದೊಡ್ಡವರಾದ ಮೇಲೂ ಆಕೆ ಆ ಅಭ್ಯಾಸ ಬಿಡಲಿಲ್ಲ. ಕತ್ತಲಿರುವಾಗಲೇ ಎದ್ದು ಕಾಫಿ ಮಾಡಿಕೊಂಡು, ಬೆಳಕು ಬರುವುದನ್ನು ನೋಡುತ್ತ ಕೂರುವುದು ಬರವಣಿಗೆಗೆ ಇಳಿಯುವ ವಿಧಿಯೇ ಆಗಿಹೋಯಿತು. ಒಮ್ಮೆ ಬರೆಯುತ್ತಿದ್ದ ಹಾಳೆಯ ಮೇಲೆ ಮಗು ಕಕ್ಕಿತಂತೆ. ಒರೆಸಲು ಎದ್ದರೆ ತಲೆಯಲ್ಲಿದ್ದ ವಾಕ್ಯ ಹೋದೀತೆಂದು ಆಕೆ ಅದರ ಸುತ್ತಲೇ ಬರೆದು ಮುಗಿಸಿದಳು. ಓದಿ ನಾನು ನನ್ನ ಇಪ್ಪತ್ತೊಂದನೆಯ ಅಧ್ಯಾಯದ ಕಲೆಯನ್ನು ತೆಗೆದು ನೋಡಿದೆ.

ಅಮೆರಿಕದವಳೇ ಆದ ಕವಯಿತ್ರಿ ಮಾಯಾ ಏಂಜೆಲೋ ಇದಕ್ಕೆ ತೀರಾ ತದ್ವಿರುದ್ಧ. ಊರಿನ ಹೋಟೆಲಿನಲ್ಲಿ ಒಂದು ಕೋಣೆ ಹಿಡಿದು, ಗೋಡೆಯ ಚಿತ್ರಗಳನ್ನೆಲ್ಲ ತೆಗೆಸಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಹಾಸಿಗೆಯ ಮೇಲೆ ಮೊಣಕೈ ಊರಿ ಬರೆಯುತ್ತಿದ್ದಳು.

ನಮ್ಮ ತ್ರಿವೇಣಿಯವರನ್ನು ನೆನೆದರೆ ಇದೇ ಲೆಕ್ಕ ಬೇರೆ ರೀತಿಯಲ್ಲಿ ಕಾಣುತ್ತದೆ. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡರು. ಬರೆಯಲು ಸಿಕ್ಕಿದ್ದು ಸುಮಾರು ಹತ್ತು ವರ್ಷ, ಬರೆದದ್ದು ಇಪ್ಪತ್ತರಷ್ಟು ಕಾದಂಬರಿ. ಬಾಣಂತಿತನದ ಬಳಿಕ ಮನಸ್ಸು ಕದಡಿದ ಹೆಣ್ಣೊಬ್ಬಳನ್ನು, ಅವಳು ವಾಸಿಯಾಗಿ ಬಂದರೂ ಒಪ್ಪಿಕೊಳ್ಳದ ಮನೆಯನ್ನು 'ಶರಪಂಜರ'ದಲ್ಲಿ ತೋರಿಸಿದರು. ಅವರು ತೀರಿಕೊಂಡ 1963ರಲ್ಲೇ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಹೊರಬಂತು. ಇಂದಿರಾ ಅವರಿಗೆ ಆಗ ನಲವತ್ತೈದು ದಾಟಿತ್ತು. ಒಬ್ಬರು ಮೂವತ್ತನಾಲ್ಕಕ್ಕೆ ಮುಗಿಸಿ ಹೊರಟರು, ಇನ್ನೊಬ್ಬರು ನಲವತ್ತೈದರ ಆಚೆಗೆ ಶುರುಮಾಡಿದರು. ಸಂಸಾರದ ಮಾತನ್ನು ಆಲಿಸುವ ಕಿವಿ ಇಬ್ಬರಲ್ಲೂ ಎಷ್ಟು ಸೂಕ್ಷ್ಮ! ಮನೆಯ ನಡುವೆಯೇ ಇದ್ದು ಕೇಳಿಸಿಕೊಂಡ ಮಾತುಗಳು ಅವು. 'ಫಣಿಯಮ್ಮ'ನ ಕಥೆ ಇಂದಿರಾ ಅವರ ಕಿವಿಗೆ ಬಿದ್ದದ್ದು ತಾಯಿಯ ಬಾಯಿಂದ. ಇವರ ಕಾದಂಬರಿಗಳು ಮನೆಯ ಹೊಸಿಲು ದಾಟುವುದಿಲ್ಲ ಎಂದು ಮೂಗು ಮುರಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಸಿಲಿನ ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ಇವರಷ್ಟು ನಿರ್ಭಯವಾಗಿ ಬರೆದವರು ಎಷ್ಟು ಜನ ಇದ್ದರು?

ಕೋಣೆಯ ಮಾತು ಬಂದಾಗ ವರ್ಜೀನಿಯಾ ವುಲ್ಫ್‌ಳನ್ನು ಬಿಡುವಂತಿಲ್ಲ. 1928ರ ಅಕ್ಟೋಬರಿನಲ್ಲಿ ಕೇಂಬ್ರಿಜ್‌ನ ಎರಡು ಮಹಿಳಾ ಕಾಲೇಜುಗಳಲ್ಲಿ ಮಾತನಾಡಿ, ಮರುವರ್ಷ ಅದನ್ನು ಪುಸ್ತಕ ಮಾಡಿದಳು. ಕಥೆ ಕಾದಂಬರಿ ಬರೆಯುವ ಹೆಣ್ಣಿಗೆ ತನ್ನದೇ ಹಣ, ತನ್ನದೇ ಕೋಣೆ ಬೇಕು ಎಂದು. ವರ್ಷಕ್ಕೆ 500 ಪೌಂಡು ಮತ್ತು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಹಣದ ಮಾತನ್ನು ಅಷ್ಟು ನೇರವಾಗಿ ಎತ್ತಿದ್ದಕ್ಕೆ ನಾನು ಆಕೆಗೆ ಋಣಿ. ಆಕೆಗೂ ರಾಡ್ಮೆಲ್ ಹಳ್ಳಿಯ ಮನೆಯ ತೋಟದಲ್ಲಿ ಬರೆಯಲು ಮರದ ಒಂದು ಗೂಡು ಇತ್ತು. ಅಲ್ಲೂ ಸದ್ದು ತಪ್ಪಿರಲಿಲ್ಲ. ಅಟ್ಟದ ಮೇಲೆ ಗಂಡ ಸೇಬು ವಿಂಗಡಿಸುವ ಸದ್ದು, ಚರ್ಚಿನ ಗಂಟೆ, ಪಕ್ಕದ ಶಾಲೆಯ ಮಕ್ಕಳ ಕೂಗು. ನಾಯಿ ಬಂದು ಹಸ್ತಪ್ರತಿಯ ಮೇಲೆ ಹೆಜ್ಜೆಯ ಗುರುತು ಮೂಡಿಸುತ್ತಿತ್ತು. ಚಳಿಗಾಲದಲ್ಲಿ ಕೈ ಮರಗಟ್ಟಿ ಲೇಖನಿ ಹಿಡಿಯಲಾಗದೆ ಮನೆಯೊಳಗೆ ಬರುತ್ತಿದ್ದಳು. ತಗ್ಗಿನ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುವುದು ಆಕೆಯ ರೂಢಿ.

ನನಗೂ ಒಂದು ಕೋಣೆ ಸಿಕ್ಕಿತು. ಮಗ ಓದಲು ಬೇರೆ ಊರಿಗೆ ಹೋದಾಗ ಅವನ ಕೋಣೆಯನ್ನು ಖಾಲಿ ಮಾಡಿ, ಮೇಜು ಹಾಕಿಸಿ, ನನ್ನವರೇ ಮುಂದೆ ನಿಂತು ಪುಸ್ತಕದ ಕಪಾಟು ಜೋಡಿಸಿಕೊಟ್ಟರು. ಬಾಗಿಲಿಗೆ ಚಿಲಕವಿತ್ತು. ಮೊದಲ ದಿನ ಅದನ್ನು ಹಾಕಿಕೊಂಡು ಕುಳಿತೆ. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಹೊರಗೆ ಯಾರೂ ಕರೆಯುತ್ತಿರಲಿಲ್ಲ. ಕರೆಯದೇ ಇದ್ದದ್ದೇ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಎರಡು ತಿಂಗಳು ಹಾಗೆಯೇ ಹೋದವು. ಬರೆದದ್ದೆಲ್ಲ ಉದ್ದುದ್ದ ವಾಕ್ಯಗಳು, ಯಾರೂ ಒಳಗೆ ಬಾರದ ಪುಟಗಳು. ನಾಯಕಿ ಕಿಟಕಿಯ ಬಳಿ ನಿಂತು ಯೋಚಿಸುತ್ತಿದ್ದಳು, ಯೋಚಿಸುತ್ತಲೇ ಇದ್ದಳು. ಮೂರನೆಯ ಕಾದಂಬರಿಗೆ ನಾಲ್ಕು ವರ್ಷ ಹಿಡಿದದ್ದು ಇದರಿಂದಲೇ. ಮೊದಲ ಇನ್ನೂರು ಪುಟ ಎಸೆದೆ. ಆದರೆ ಒಂದು ಮಾತನ್ನು ಹೇಳಬೇಕು: ಎಸೆಯುವ ಧೈರ್ಯ ಬಂದದ್ದೂ ಆ ಕೋಣೆಯಿಂದಲೇ. ಊಟದ ಮೇಜಿನ ಕಾಲದಲ್ಲಿ ಒಂದು ಪುಟವನ್ನೂ ಎಸೆಯುವಷ್ಟು ಸಿರಿವಂತಿಕೆ ನನ್ನ ಬಳಿ ಇರಲಿಲ್ಲ. ಅಷ್ಟು ಕಷ್ಟಪಟ್ಟು ಕದ್ದ ಹೊತ್ತಿನಲ್ಲಿ ಬರೆದದ್ದನ್ನು ಹೇಗೆ ಎಸೆಯುವುದು? ತಪ್ಪಾದ ವಾಕ್ಯಗಳನ್ನೂ ಉಳಿಸಿಕೊಂಡೆ. ಮೊದಲ ಕಾದಂಬರಿಯಲ್ಲಿ ಅವು ಈಗಲೂ ಇವೆ.

ಈಗ ಬರೆಯುತ್ತಿರುವುದು ನಾಲ್ಕನೆಯದು. ಜಾಗ ಬದಲಾಗಿದೆ. ಮಹಡಿಯ ಮೆಟ್ಟಿಲು ತಿರುಗುವಲ್ಲಿ ಕಿಟಕಿಯ ಕೆಳಗೆ ಒಂದು ಮೇಜು ಹಿಡಿಸುವಷ್ಟು ಜಾಗವಿದೆ. ಬಾಗಿಲಿಲ್ಲ. ಮೇಲೆ ಹೋಗುವವರು, ಕೆಳಗೆ ಇಳಿಯುವವರು ನನ್ನ ಬೆನ್ನ ಹಿಂದೆಯೇ ಹಾದುಹೋಗಬೇಕು. ಕೆಳಗಿನ ಮಾತು ಅರೆಬರೆಯಾಗಿ ಕೇಳಿಸುತ್ತದೆ. ಅಮ್ಮನ ಊರುಗೋಲಿನ ಸದ್ದು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ ಸಾಗುವುದು ತಿಳಿಯುತ್ತದೆ. ಆದರೆ ಈ ಮೇಜಿನ ಮೇಲೆ ಯಾರೂ ಊಟ ಮಾಡುವುದಿಲ್ಲ. ಸಂಜೆ ಏಳುವಾಗ ನಾನು ಏನನ್ನೂ ಎತ್ತಿಡುವುದಿಲ್ಲ. ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಏಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಪೆನ್ನು ಹಾಳೆಯ ಮೇಲೆಯೇ ಇರುತ್ತದೆ.

ಹೋದ ವಾರ ಒಂದು ರಾತ್ರಿ ಜೋರು ಗಾಳಿ ಬಂತು. ಕಿಟಕಿ ತೆರೆದೇ ಇದೆ ಎನ್ನುವುದು ಹಾಸಿಗೆಗೆ ಬಂದ ಮೇಲೆ ನೆನಪಾಯಿತು, ಏಳಬೇಕು ಎಂದುಕೊಳ್ಳುತ್ತಲೇ ನಿದ್ದೆ ಹತ್ತಿಬಿಟ್ಟಿತು. ಬೆಳಿಗ್ಗೆ ಎದೆ ಹೊಡೆದುಕೊಳ್ಳುತ್ತ ಮೆಟ್ಟಿಲು ಹತ್ತಿದೆ. ಕಿಟಕಿ ಮುಚ್ಚಿತ್ತು. ಹಾಳೆಗಳು ನಾನು ಬಿಟ್ಟಂತೆಯೇ ಹರಡಿಕೊಂಡಿದ್ದವು, ಒಂದರ ಮೇಲೊಂದು ಓರೆಯಾಗಿ, ಪೆನ್ನು ಅದೇ ಕೋನದಲ್ಲಿ. ಯಾರೂ ಅವನ್ನು ಒಟ್ಟು ಮಾಡಿರಲಿಲ್ಲ. ಒಂದೊಂದು ಹಾಳೆಯ ಮೂಲೆಗೂ ಏನಾದರೊಂದು ಭಾರ ಇಟ್ಟಿದ್ದರು. ನನ್ನವರ ಕನ್ನಡಕದ ಡಬ್ಬಿ, ಒಂದು ಬೀಗ, ಮಗಳ ಜಾಮಿಟ್ರಿ ಪೆಟ್ಟಿಗೆ, ಅಮ್ಮನ ಮಾತ್ರೆಯ ಸೀಸೆ. ಅಮ್ಮ ಮೆಟ್ಟಿಲು ಹತ್ತಿ ನಾಲ್ಕು ವರ್ಷವಾಗಿತ್ತು.

ಸೀಸೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದೆ. ಅದರ ಕೆಳಗೆ ನಾನು ಬಿಟ್ಟು ಹೋಗಿದ್ದ ಅರ್ಧ ವಾಕ್ಯವಿತ್ತು. ಕುಳಿತು ಮುಂದುವರಿಸಿದೆ.